ಕೈಸರನ ಕಾಲೂ ಹುಬ್ಬಳ್ಳಿಯ ವರ್ಗವೂ

ಅಚ್ಯುತರಾವ ಗಲಗಲಿಯವರು ತಿರುವನಂತಪುರಕ್ಕೆ ವರ್ಗವಾಗಿ ಬಂದು ಆರು ವರ್ಷವಾಗಿತ್ತು. ಈ ಆರು ವರ್ಷಗಳಲ್ಲಿ ಅವರು ಮಾಡಿದ ಮುಖ್ಯ ಕೆಲಸವೆಂದರೆ ಇಲ್ಲಿಂದ ಹೋಗಲು ಅರ್ಜಿ ಬರೆದದ್ದು. (ಉಳಿದ ವೇಳೆಯಲ್ಲಿ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟರಾಗಿಯೂ ಇದ್ದರು.) ವರ್ಷಕ್ಕೆ ಎರಡರಂತೆ ಹನ್ನೊಂದು ಅರ್ಜಿಗಳು ಹೋಗಿದ್ದವು. ಹನ್ನೊಂದೂ 'ಪರಿಶೀಲನೆಯಲ್ಲಿದೆ' ಎಂಬ ವೈಕುಂಠವನ್ನು ಸೇರಿ, ಅಲ್ಲಿಂದ ಹಿಂದಿರುಗದೆ ಸುಖವಾಗಿದ್ದವು. ಎಪ್ಪತ್ಮೂರನೆಯ ಇಸವಿಯ ಈ ಜನವರಿಯಲ್ಲಿ ಹಾಕಿದ್ದು ಹನ್ನೆರಡನೆಯದು.

ಅರ್ಜಿಯಲ್ಲಿ ಕಾರಣವೆಂದು 'ಹವೆ ಒಗ್ಗುವುದಿಲ್ಲ' ಎಂದು ಬರೆಯುತ್ತಿದ್ದರು. ನಿಜವಾದ ಕಾರಣ ಸರ್ಕಾರದ ಯಾವ ನಮೂನೆಯಲ್ಲೂ ಹಿಡಿಸುವಂಥದ್ದಲ್ಲ. ಹತ್ತು ವರ್ಷದ ಮಗಳು ಪ್ರೇಮ ಮನೆಯಲ್ಲಿ ಕನ್ನಡ ಕೇಳಿಸಿಕೊಂಡು ಮಲಯಾಳದಲ್ಲಿ ಉತ್ತರ ಕೊಡುತ್ತಿದ್ದಳು. ಹಿಂದಿನ ಬೇಸಿಗೆಯಲ್ಲಿ ಹುಬ್ಬಳ್ಳಿಗೆ ಹೋದಾಗ ಅವಳ ಅಜ್ಜಿ ಮೊಮ್ಮಗಳನ್ನು ಮಗ್ಗುಲಲ್ಲಿ ಕೂರಿಸಿಕೊಂಡು ಅರ್ಧ ತಾಸು ಮಾತಾಡಿಸಿ, ಕೊನೆಗೆ ಸೋತು, "ಅಚ್ಯುತಾ, ಕೂಸು ಏನ್ ಅಂತದೋ? ನೀನರೆ ಹೇಳು" ಎಂದು ಕೇಳಿದ್ದರು. ಆ ದಿನ ರಾಯರಿಗೆ ಊಟ ಸೇರಲಿಲ್ಲ. ಇನ್ನೆರಡು ವರ್ಷ ಇಲ್ಲೇ ಇದ್ದರೆ ಮಗಳಿಗೂ ತಮಗೂ ನಡುವೆ ಒಬ್ಬ ದುಭಾಷಿಯನ್ನು ನೇಮಿಸಿಕೊಳ್ಳಬೇಕಾದೀತು ಎಂದು ಅವರಿಗೆ ನಿಜವಾಗಿಯೂ ಭಯವಾಗಿತ್ತು.

ಈ ಹನ್ನೆರಡನೆಯ ಅರ್ಜಿ ಹಿರಿಯ ಅಧಿಕಾರಿ ಇಟ್ಟಿಯವಿರಾ ಸಾಹೇಬರ ಮೇಜಿನ ಮೇಲೆ ಶಿಫಾರಸಿಗೆ ಕಾದಿತ್ತು. ಅದರ ಪಕ್ಕದಲ್ಲೇ ಮಂಗಳೂರಿಗೆ ವರ್ಗ ಕೇಳಿದ ರತ್ನಾಕರನ ಅರ್ಜಿಯೂ ಇತ್ತು. ರತ್ನಾಕರ ಅದೇ ಕಚೇರಿಯ ಗುಮಾಸ್ತ. ಹನ್ನೊಂದಕ್ಕೆ ಬಂದು, ಕೋಟನ್ನು ಕುರ್ಚಿಯ ಬೆನ್ನಿಗೆ ತೊಡಿಸಿ, ಅದನ್ನೇ ತನ್ನ ಪ್ರತಿನಿಧಿಯಾಗಿ ಬಿಟ್ಟು ಕಾಫಿಗೆ ಹೋಗುವ ಮನುಷ್ಯ. ಇವನ ಜೊತೆ ತಮಗೇನು ಪೈಪೋಟಿ ಎಂದು ರಾಯರು ನಿಶ್ಚಿಂತರಾಗಿದ್ದರು.

ಹೀಗಿರುವಾಗ ಸಾಹೇಬರು ತಂಗಿಯ ಮಗಳ ಮದುವೆಗೆಂದು ಹತ್ತು ದಿನ ಕೋಟ್ಟಯಂಗೆ ಹೊರಟರು. ಅಡುಗೆಯವನನ್ನೂ ಕರೆದುಕೊಂಡು ಹೋಗಬೇಕಾಗಿತ್ತು. ಉಳಿದದ್ದು ಕೈಸರ್. ಸಾಹೇಬರಿಗೆ ಮಕ್ಕಳಿಲ್ಲ, ಕೈಸರ್ ಎಂಬ ಈ ಅಲ್ಸೇಷಿಯನ್ ನಾಯಿಯೇ ಪುತ್ರ, ಪೌತ್ರ ಎಲ್ಲ. ಅವರು ಮೊದಲು ಕೇಳಿದ್ದು ರತ್ನಾಕರನನ್ನು.

"ನನಗೆ ನಾಯಿಯ ಹೆದರಿಕೆ ಉಂಟು ಸಾರ್" ಎಂದು ಅವನು ನಿಂತ ನಿಲುವಿನಲ್ಲೇ ಹೇಳಿಬಿಟ್ಟ.

ಅದೇ ಕ್ಷಣದಲ್ಲಿ ರಾಯರ ತಲೆಯಲ್ಲಿ ದಿವ್ಯವಾದ ಆಲೋಚನೆಯೊಂದು ಹೊಳೆಯಿತು. "ನಾನಿದ್ದೇನಲ್ಲ ಸಾರ್!" ಎಂದು ಎದ್ದು ನಿಂತರು.

ಸಾಹೇಬರು ತಮ್ಮ ಕೋಣೆಗೆ ಹೋದ ಮೇಲೆ ರತ್ನಾಕರ ಮರುಕದಿಂದ ನೋಡಿದ. "ನಿಮಗೆ ಬೇರೆ ಕೆಲಸ ಇಲ್ವಾ ಮಾರಾಯ್ರೆ? ನಾಯಿ ಕಟ್ಟಿಕೊಂಡು ಎಂಥ ಮಾಡ್ತೀರಿ ನೀವು?"

"ಅದೆಲ್ಲ ನಿನಗ ತಿಳಿಯೂದಿಲ್ಲ ಬಿಡು" ಎಂದು ರಾಯರು ಗಂಭೀರವಾಗಿ ನಕ್ಕರು.

ಆಲೋಚನೆ ದಿವ್ಯವಾಗಿದ್ದರೂ ಅದನ್ನು ಹೆಂಡತಿ ಅನಸೂಯಾಬಾಯಿಗೆ ಹೇಳುವುದನ್ನು ರಾಯರು ಮರೆತಿದ್ದರು. (ಮರೆತದ್ದೋ, ಧೈರ್ಯ ಸಾಲದ್ದೋ ಎಂಬುದನ್ನು ಕೆದಕುವುದು ಬೇಡ.) ರಾಯರು ಮನೆಗೆ ಬಂದಾಗ ಆಕೆ ಬಾಗಿಲಲ್ಲಿ ನಿಂತು ಗಂಡನನ್ನೂ ಹಗ್ಗವನ್ನೂ ಹಗ್ಗದ ಆ ತುದಿಯನ್ನೂ ನೋಡಿದರು.

"ಏನ್ರೀ ಇದು?"

"ಸಾಹೇಬರ ನಾಯಿ. ಹತ್ತs ದಿನ."

"ಸಾಹೇಬರ ನಾಯಿ ಸಾಹೇಬರ ಮನ್ಯಾಗ ಇರಬೇಕ್ರೀ. ಮಡಿ ಮೈಲಿಗಿ ಇರೋ ಮನಿ ಇದು, ಹಿಂಗ ತಂದು ನಿಲ್ಲಿಸಿದ್ರ ಹೆಂಗ್ರೀ?"

"ಹುಬ್ಬಳ್ಳಿ, ಅನಸೂಯಾ. ಹುಬ್ಬಳ್ಳಿ ಅಂತ ತಿಳಕೋ ಇದನ್ನ."

ಅನಸೂಯಾಬಾಯಿ ಬಾಗಿಲು ಬಿಟ್ಟು ಸರಿದರು. ಆರು ವರ್ಷದಿಂದ ಜೋಳದ ಹಿಟ್ಟನ್ನು ಪಾರ್ಸೆಲಿನಲ್ಲಿ ತರಿಸಿ, ಅದಕ್ಕೆ ಹುಳ ಬಿದ್ದು, ಜರಡಿ ಹಿಡಿದು ಬದುಕಿದವರು ಅವರು. ನಾಯಿಗೆ ವೆರಾಂಡದಲ್ಲಿ ಒಂದು ಗೋಣಿಚೀಲದಷ್ಟು ಜಾಗ ಮಂಜೂರಾಯಿತು.

ಸಾಹೇಬರು ಎರಡು ಪುಟದ ಸೂಚನೆಗಳನ್ನು ಟೈಪ್ ಮಾಡಿಸಿ ಕೊಟ್ಟಿದ್ದರು. ಬೆಳಿಗ್ಗೆ ಆರಕ್ಕೆ ವಾಯುವಿಹಾರ, ಎಂಟಕ್ಕೆ ಹಾಲು, ಮಧ್ಯಾಹ್ನ ಅರ್ಧ ಕಿಲೋ ಮಾಂಸ. ಮೂರನೆಯ ಕಲಮು ಓದಿದ ಕೂಡಲೇ ಅನಸೂಯಾಬಾಯಿ, "ಮೊದಲ ಆ ಕಾಗದ ದೇವರ ಮನಿ ಮುಂದಿಂದ ತೆಗೀರಿ" ಎಂದರು. ಮಾಂಸದ ಬದಲು ಅನ್ನ, ತೊವ್ವೆ, ತುಪ್ಪ ಎಂದು ತಿದ್ದುಪಡಿಯಾಯಿತು. ಮೂರನೆಯ ದಿನ ಥಾಲಿಪೆಟ್ಟಿನ ಒಂದು ಚೂರನ್ನು ಕೈಸರ್ ನೆಲಕ್ಕೆ ಬೀಳುವ ಮೊದಲೇ ಹಿಡಿದು ನುಂಗಿ, ಇನ್ನೊಂದಕ್ಕೆ ಬಾಲ ಆಡಿಸಿತು. ಈ ಊರಿನಲ್ಲಿ ತಮ್ಮ ಥಾಲಿಪೆಟ್ಟನ್ನು ಮೆಚ್ಚಿದ ಮೊದಲ ಜೀವವನ್ನು ಅನಸೂಯಾಬಾಯಿ ಕಣ್ಣರಳಿಸಿ ನೋಡಿದರು. "ಬಾರೋ", "ಹೋಗೋ", "ಸುಮ್ನ ಬೀಳೋ" ಎಂದು ಅದರ ಜೊತೆ ದಿನವಿಡೀ ಮಾತು ಶುರುವಾಯಿತು. ಪ್ರೇಮ ಶಾಲೆಯಿಂದ ಬಂದವಳೇ "ಕೈಸರೇ, ವಾ!" ಎಂದು ಮಲಯಾಳದಲ್ಲಿ ಕರೆಯುತ್ತಿದ್ದಳು. ಅದು ತಾಯಿಯ ಕಡೆಗೇ ನೋಡುತ್ತಿತ್ತು.

ಆರನೆಯ ದಿನ ಎರಡನೆಯ ಶನಿವಾರ, ಕಚೇರಿಗೆ ರಜೆ. ಅನಸೂಯಾಬಾಯಿ ಮಡಿಯುಟ್ಟು ಅಡುಗೆಗೆ ನಿಂತಿದ್ದಾಗ ಕೈಸರ್ ಪ್ರೀತಿ ತಡೆಯಲಾರದೆ ಒಳಗೆ ನುಗ್ಗಿ ಅವರ ಸೀರೆಗೆ ಮೈ ಉಜ್ಜಿತು.

"ಅಯ್ಯ ನನ್ನ ಮಡೀ! ಏನ್ರೀ, ಪೇಪರ್ ಆಮ್ಯಾಲೆ ಓದ್ರಿ. ಇದನ್ನ ಹಿತ್ತಲದಾಗ ಕಟ್ಟಿ ಬರ್ರಿ ಮೊದಲ!"

ರಾಯರು ಹಿತ್ತಲಿಗೆ ಬಂದು ಸ್ಥಳ ಪರಿಶೀಲನೆ ನಡೆಸಿದರು. ಹಲಸಿನ ಮರದ ಬುಡದಲ್ಲಿ ಕೆಂಪಿರುವೆ. ಬಾವಿಯ ಹತ್ತಿರ ಕೆಸರು. ಅವರ ಸೀಮೆಯಲ್ಲಿ ಎತ್ತು, ಎಮ್ಮೆ, ಕುದುರೆ ಏನೇ ಇರಲಿ, ಹತ್ತಿರದ ಬೇವಿನ ಮರಕ್ಕೆ ಕಟ್ಟಿ ನೆರಳಿನಲ್ಲಿ ಬಿಡುವುದು ಪದ್ಧತಿ. ಇಲ್ಲಿ ಬೇವಿರಲಿಲ್ಲ. ನೆಟ್ಟಗೆ, ಚೊಕ್ಕಟವಾಗಿ, ಹಗ್ಗ ಸುತ್ತಲೆಂದೇ ಬೆಳೆದಂತಿದ್ದ ಮರವೊಂದಿತ್ತು. ಅದಕ್ಕೆ ಕಟ್ಟಿದರು. ಗಂಟು ಭದ್ರವಾಗಿದೆಯೇ ಎಂದು ಎರಡು ಸಲ ಎಳೆದು ನೋಡಿದರು. ಹಗ್ಗ, ಗಂಟು, ಬುಡ ಎಲ್ಲವನ್ನೂ ನೋಡಿದ ಆ ಕಣ್ಣುಗಳು ಒಮ್ಮೆಯೂ ಮೇಲೆ ನೋಡಲಿಲ್ಲ.

ಪೇಪರಿನ ಎರಡನೆಯ ಪುಟ ತಿರುಗಿಸುವಷ್ಟರಲ್ಲಿ ಹಿತ್ತಲಲ್ಲಿ 'ಧಡ್' ಎಂದಿತು. ಅದರ ಹಿಂದೆಯೇ ಕೈಸರನ ಚೀತ್ಕಾರ. ಓಡಿಬಂದು ನೋಡಿದರೆ ಒಂದು ತೆಂಗಿನಕಾಯಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ಏನೂ ಅರಿಯದಂತೆ ಬಿದ್ದಿತ್ತು. ಕೈಸರನ ಮುಂಗಾಲು ಇರಬಾರದ ಕಡೆಗೆ ಬಾಗಿತ್ತು.

ಮನೆಯ ಒಡತಿ ಭಾರ್ಗವಿಯಮ್ಮ ಮುಂದಿನ ಭಾಗದಿಂದ ಬಂದರು. ಮರ ನೋಡಿದರು, ಹಗ್ಗ ನೋಡಿದರು, ಕೊನೆಗೆ ರಾಯರನ್ನು ನೋಡಿದರು. "ಅಯ್ಯೋ ಸಾರೇ!" ಎಂದು ಶುರುಮಾಡಿ ಉದ್ದಕ್ಕೆ ಏನೇನೋ ಹೇಳಿದರು. ಪ್ರೇಮ ಮುಖ ಕೆಳಗೆ ಹಾಕಿ ಅರ್ಧ ಮಲಯಾಳ, ಅರ್ಧ ಕನ್ನಡದಲ್ಲಿ ಸಾರಾಂಶ ತಿಳಿಸಿದಳು: ಈ ಊರಿನಲ್ಲಿ ಹುಟ್ಟಿದ ಕೋಳಿಮರಿ ಸಹ ತೆಂಗಿನ ಮರದ ಕೆಳಗೆ ನಿಲ್ಲುವುದಿಲ್ಲವಂತೆ, ಆರು ವರ್ಷದಲ್ಲಿ ಸಾರ್ ಅವರಿಗೆ ಇಷ್ಟೂ ಗೊತ್ತಾಗಲಿಲ್ಲವೇ ಎಂದು ಕೇಳುತ್ತಿದ್ದಾರೆ. ಸರ್ಕಾರಿ ಪಶು ಆಸ್ಪತ್ರೆ ಹನ್ನೆರಡಕ್ಕೆ ಮುಚ್ಚುತ್ತದಂತೆ, ಆಮೇಲೆ ಸೋಮವಾರವೇ ಅಂತೆ.

ಗಡಿಯಾರ ಹತ್ತೂ ಮುಕ್ಕಾಲು ತೋರಿಸುತ್ತಿತ್ತು.

"ಅನಸೂಯಾ, ಸುತ್ತಲಿಕ್ಕೆ ಒಂದು ಹಳೇ ಸೀರಿ ಕೊಡು! ಲಗೂ!"

ಪೆಟ್ಟಿಗೆ ತೆರೆಯಿತು. "ಇದಲ್ಲ, ಇದು ಅವ್ವ ಕೊಟ್ಟದ್ದು. ಇದು ಪ್ರೇಮನ ಹೆಸರಿಡೋವಾಗಿಂದು. ಇದಕ್ಕ ಸೆರಗು ಇನ್ನೂ ಗಟ್ಟಿ ಅದ..."

"ಅದರ ಕಾಲು ಮುರದದ, ನಿನ್ನ ಸೆರಗು ಗಟ್ಟಿ ಇದ್ದು ಏನ್ ಮಾಡೂದದ?"

"ಮುರದವರು ಯಾರು? ನಾ ಕಟ್ರಿ ಅಂದೆ ಖರೆ, ತೆಂಗಿನ ಮರಕ್ಕ ಕಟ್ರಿ ಅಂದೆನೇನು?" ಎನ್ನುತ್ತಲೇ ಆಕೆ ಕೆಂಪು ಅಂಚಿನ ಇಳಕಲ್ ಸೀರೆಯೊಂದನ್ನು ಎಳೆದುಕೊಂಡು, ಮಡಿಯಲ್ಲಿದ್ದೇನೆಂಬುದನ್ನು ಮರೆತು, ನಾಯಿಯ ಪಕ್ಕದಲ್ಲಿ ಮಂಡಿಯೂರಿ ಕುಳಿತು ಸುತ್ತತೊಡಗಿದರು. ಹರಿದದ್ದನ್ನು ಹುಡುಕುತ್ತ ಹೋದವರು ತಂದದ್ದು ಇದ್ದುದರಲ್ಲೇ ಹೊಸದು.

ಪ್ರೇಮ ಮಣಕ್ಕಾಡ್ ಜಂಕ್ಷನ್ನಿಗೆ ಓಡಿ ಒಂದು ಟ್ಯಾಕ್ಸಿ ತಂದಳು. ಡ್ರೈವರ್ ಸೀರೆಯ ಗಂಟನ್ನು ಕಂಡು ಕನಿಕರದಿಂದ ಬಾಗಿಲು ತೆರೆದವನು, ಅದರೊಳಗಿಂದ ಮೂಗು ಕಂಡದ್ದೇ ಮುಚ್ಚಿಬಿಟ್ಟ. ನಾಯಿಯನ್ನು ಸೀಟಿನ ಮೇಲೆ ಮಲಗಿಸುವುದು ಸಾಧ್ಯವೇ ಇಲ್ಲವಂತೆ. ಭಾರ್ಗವಿಯಮ್ಮ ಗೇಟಿನ ಹತ್ತಿರ ಬಂದು, ಸೊಂಟದ ಮೇಲೆ ಕೈಯಿಟ್ಟು, ಡ್ರೈವರನ ತಾಯಿ ಯಾರು, ಮಾವ ಯಾರು, ಅವರಿಬ್ಬರ ಮರ್ಯಾದೆ ಎಂಥದ್ದು ಎಂದು ವಿವರಿಸಿದರು. ಅವನು ತೆಪ್ಪಗೆ ಬಾಗಿಲು ತೆರೆದ.

ಹಿಂದಿನ ಸೀಟಿನಲ್ಲಿ ಅನಸೂಯಾಬಾಯಿ, ಅವರ ತೊಡೆಯ ಮೇಲೆ ಕೈಸರನ ತಲೆ, ಪಕ್ಕದಲ್ಲಿ ಪ್ರೇಮ. ಮುಂದೆ ಕುಳಿತ ರಾಯರು ಹನ್ನೆರಡನೆಯ ಅರ್ಜಿಯನ್ನು ನೆನೆದರು. ಸಾಹೇಬರು ಅದನ್ನು ಹರಿಯುವುದು ಕಣ್ಣಿಗೆ ಕಟ್ಟಿತು. ಬರಿದೆ ಹರಿದರೆ ಪುಣ್ಯ. ಅಂಡಮಾನಿನಲ್ಲೂ ಇಲಾಖೆಗೆ ಒಂದು ಶಾಖೆ ಇತ್ತು. ಅಷ್ಟರಲ್ಲಿ ಕೈಸರ್ ಹಿಂದಿನಿಂದ ಕುತ್ತಿಗೆ ಚಾಚಿ, ಸೀಟಿನ ಮೇಲಿದ್ದ ರಾಯರ ಕೈಯನ್ನು ನೆಕ್ಕಿತು. ಕಾಲು ಮುರಿಸಿದ ಕೈ ಅದು. ಅದರ ನೋವನ್ನು ಬಿಟ್ಟು ಅಂಡಮಾನಿನ ಚಿಂತೆ ಮಾಡುತ್ತಿದ್ದ ತಮ್ಮ ಬಗ್ಗೆ ರಾಯರಿಗೆ ಬಹಳ ನಾಚಿಕೆಯಾಯಿತು.

ಚಾಲೈ ಬಜಾರಿನ ಗಾಡಿಗಳ ಸಂದಿಯಲ್ಲಿ ನುಸುಳಿ ದೊಡ್ಡ ರಸ್ತೆಗೆ ಬಂದರೆ ಸೆಕ್ರೆಟರಿಯೇಟಿನ ಮುಂದೆ ಜಾಥಾ. ಈ ಊರಿನಲ್ಲಿ ಜಾಥಾ ಇಲ್ಲದ ದಿನವೆಂದರೆ ರಾಯರು ಬಂದಿಳಿದ ಭಾನುವಾರ ಒಂದೇ. ಕೆಂಪು ಬಾವುಟಗಳು ಕಣ್ಣು ಹಾಯುವವರೆಗೆ. ಸ್ವಯಂಸೇವಕನೊಬ್ಬ ಬಂದು ಕಾರಿನೊಳಗೆ ಇಣುಕಿದ. ಒಬ್ಬ ಹೆಂಗಸು ಅಳುತ್ತಿದ್ದಾಳೆ. ಅವಳ ತೊಡೆಯ ಮೇಲೆ ಕೆಂಪು ಅಂಚಿನ ಸೀರೆಯಲ್ಲಿ ಯಾರೋ ನರಳುತ್ತಿದ್ದಾರೆ. ಅವನು ಕೈಯೆತ್ತಿ ಕೂಗಿದ.

"ಪ್ರಸವ ಕೇಸಾಣು! ವಳಿ ಮಾರು!"

ಹೆರಿಗೆ ಎಂದ ಕೂಡಲೇ ಘೋಷಣೆ ನಿಂತಿತು. ಐನೂರು ಜನ ಎರಡು ಭಾಗವಾಗಿ ದಾರಿ ಬಿಟ್ಟರು. ಮುದುಕನೊಬ್ಬ ಕೈಮುಗಿದ. ರಾಯರು ಜೀವಮಾನದಲ್ಲಿ ಪಡೆದ ಅತಿ ದೊಡ್ಡ ಗೌರವ ಅದು. ಅದನ್ನು ಅವರು ಕಣ್ಣು ಮುಚ್ಚಿ ಸ್ವೀಕರಿಸಿದರು. ಜಾಥಾ ಇನ್ನೇನು ಮುಗಿಯಿತು ಎನ್ನುವಾಗ ಕೈಸರ್ ಸೀರೆಯಿಂದ ಎರಡೂ ಕಿವಿಗಳನ್ನು ಹೊರಗೆ ಹಾಕಿ ನಾಡಿನ ಶ್ರಮಜೀವಿಗಳನ್ನು ನೋಡಿತು. ಕಾರಿನ ಜೊತೆಗೇ ನಡೆದು ಬರುತ್ತಿದ್ದ ಸ್ವಯಂಸೇವಕನೂ ಅದನ್ನು ನೋಡಿದ.

"ಎಂದಾಯಾಲುಂ ರೋಗಿಯಲ್ಲೇ, ಪೋಟ್ಟೆ" ಎಂದ ಅವನು. ಏನೇ ಆಗಲಿ ರೋಗಿಯೇ ತಾನೆ, ಹೋಗಲಿ ಎಂದು ಪ್ರೇಮ ಅರ್ಥ ಹೇಳುವ ಮೊದಲೇ ರಾಯರಿಗೆ ಅರ್ಥವಾಗಿತ್ತು.

ಆಸ್ಪತ್ರೆ ಮುಟ್ಟಿದಾಗ ಹನ್ನೆರಡಕ್ಕೆ ಹತ್ತು ನಿಮಿಷ. ಒಂದು ಎಮ್ಮೆ, ಎರಡು ಮೇಕೆ, ಕೊಡೆಯ ಕೆಳಗೆ ಒಂದು ಕೋಳಿ ಸರದಿಯಲ್ಲಿದ್ದವು. ಚೀಟಿ ಬರೆಯುವ ಗುಮಾಸ್ತ ಪೆನ್ನಿಗೆ ಮುಚ್ಚಳ ಹಾಕುತ್ತಿದ್ದ. ಮಾಲೀಕರ ಸಹಿ ಬೇಕು ಎಂದು ಇಂಗ್ಲಿಷಿನಲ್ಲಿ ಹೇಳಿದ.

"ಮಾಲೀಕರು ರಜೆಯ ಮೇಲಿದ್ದಾರೆ" ಎಂದರು ರಾಯರು.

"ಹಾಗಾದರೆ ಆಗುವುದಿಲ್ಲ. ನಿಯಮ."

ಭಾಷೆ ಯಾವುದಾದರೇನು, ನಿಯಮ ಎಂಬ ಶಬ್ದ ಕೇಳಿದ್ದೇ ರಾಯರಿಗೆ ತವರಿಗೆ ಬಂದಷ್ಟು ಧೈರ್ಯವಾಯಿತು. ಕೈಚೀಲದಿಂದ ಸಾಹೇಬರ ಎರಡು ಪುಟದ ಸೂಚನೆಗಳನ್ನು ತೆಗೆದು ಮೇಜಿನ ಮೇಲಿಟ್ಟರು. "ನೋಡಿ, ಲಿಖಿತ ಆದೇಶ. ರಜೆಯ ಅವಧಿಗೆ ನಾನು ಪ್ರಭಾರದಲ್ಲಿದ್ದೇನೆ."

ಗುಮಾಸ್ತ ಆದೇಶವನ್ನು ಓದಿದ. ಅವನ ಮುಖದಲ್ಲಿ ಸಮಾಧಾನ ಮೂಡಿತು. "ಇದನ್ನು ಮೊದಲೇ ಹೇಳಬಾರದೇ?" ಎಂದು ಪೆನ್ನಿನ ಮುಚ್ಚಳ ತೆಗೆದು ಮಾಲೀಕರ ಜಾಗದಲ್ಲಿ 'ಎ. ಗಲಗಲಿ, ಪ್ರಭಾರ ಮಾಲೀಕರು' ಎಂದು ಬರೆದುಕೊಂಡ. ಎಮ್ಮೆಯವನು ಕೈಸರನ ಕಾಲು ನೋಡಿ ತಾನಾಗಿಯೇ ಹಿಂದೆ ಸರಿದ.

ಡಾಕ್ಟರ್ ನಿರ್ಮಲ ಎಂಬ ಎಳೆಯ ವಯಸ್ಸಿನ ಹೆಂಗಸು ಕಾಲು ಮುಟ್ಟಿ ನೋಡಿದರು. ಮೂಳೆ ಮುರಿದಿದೆ, ಇವತ್ತೇ ಕೂರಿಸಿದರೆ ಕುಂಟುವುದಿಲ್ಲ, ಸೋಮವಾರಕ್ಕೆ ಬಿಟ್ಟಿದ್ದರೆ ಕಾಲು ಹೋಗುತ್ತಿತ್ತು ಎಂದರು. ಇಂಜೆಕ್ಷನ್ ಚುಚ್ಚಲು ಹೋದರೆ ಕೈಸರ್ ಹಲ್ಲು ತೋರಿಸಿತು. "ಇದರ ಜೊತೆ ಯಾರಾದರೂ ಮಾತಾಡಿ" ಎಂದರು ಡಾಕ್ಟರು.

ರಾಯರು "ಸಿಟ್, ಕೈಸರ್, ಸಿಟ್" ಎಂದು ಕಚೇರಿಯ ಇಂಗ್ಲಿಷಿನಲ್ಲಿ ವಿನಂತಿಸಿಕೊಂಡರು. ಅದು ಗುರ್ರೆಂದಿತು. ಪ್ರೇಮ ಮಲಯಾಳದಲ್ಲಿ ಮುದ್ದು ಮಾಡಿದಳು. ಅದು ಮುಖ ತಿರುಗಿಸಿತು.

"ಸರೀರಿ ಅತ್ತಾಗ" ಎಂದು ಅನಸೂಯಾಬಾಯಿ ಮುಂದೆ ಬಂದು ಅದರ ತಲೆಯನ್ನು ಎದೆಗೆ ಒತ್ತಿಕೊಂಡರು. "ಏ ಕೈಸರಾ, ಸುಮ್ನ ಬೀಳೋ ನನ್ನಪ್ಪಾ. ನಾ ಇಲ್ಲೇ ಇದ್ದೀನಿ. ಇಷ್ಟs ಆತು, ಇಷ್ಟs. ಮನಿಗೆ ಹೋಗೋಣ, ಥಾಲಿಪೆಟ್ಟು ಹಚ್ಚಿ ಕೊಡ್ತೀನಿ."

ಕೈಸರ್ ಕಣ್ಣು ಮುಚ್ಚಿ ಮಲಗಿತು. ಸೂಜಿ ಹೋದದ್ದೂ ಅದಕ್ಕೆ ತಿಳಿಯಲಿಲ್ಲ. ಕೋಟ್ಟಯಂನಲ್ಲಿ ಹುಟ್ಟಿ, ಇಂಗ್ಲಿಷಿನಲ್ಲಿ ಬೆಳೆದು, ಆರು ದಿನಕ್ಕೆ ಧಾರವಾಡದ ಕನ್ನಡ ಕಲಿತ ಆ ನಾಯಿಯನ್ನು ರಾಯರು ನೋಡಿದರು. ಪಕ್ಕದಲ್ಲಿ ನಿಂತ ಮಗಳನ್ನೂ ನೋಡಿದರು.

ಮನೆಗೆ ಬಂದು ಅನಸೂಯಾಬಾಯಿ ಎರಡು ಸಲ ಸ್ನಾನ ಮಾಡಿದರು. ಎರಡರ ನಡುವೆ ಮತ್ತೊಮ್ಮೆ ನಾಯಿಯನ್ನು ಮುಟ್ಟಿದ್ದರು. ವೆರಾಂಡದ ಗೋಣಿಚೀಲ ಆ ದಿನವೇ ನಡುಮನೆಗೆ ವರ್ಗವಾಯಿತು. (ಆ ಮನೆಯಲ್ಲಿ ಅರ್ಜಿ ಹಾಕದೆ ಸಿಕ್ಕ ವರ್ಗ ಅದೊಂದೇ.)

ಪ್ಲಾಸ್ಟರ್ ಆರು ವಾರ ಇರಬೇಕಿತ್ತು. ಸಾಹೇಬರು ಬರುವುದು ನಾಲ್ಕು ದಿನಕ್ಕೆ. ಮುಚ್ಚಿಡುವ ದಾರಿಯಿಲ್ಲದ್ದರಿಂದ ರಾಯರು ತಮಗೆ ತಿಳಿದಿದ್ದ ಒಂದೇ ಪ್ರಾಯಶ್ಚಿತ್ತವನ್ನು ಮಾಡಿಕೊಂಡರು: ಫೈಲು ತೆರೆದರು. 'ವಿಷಯ: ತೆಂಗಿನಕಾಯಿಯ ಆಕಸ್ಮಿಕ ಪತನ' ಎಂದು ಶುರುವಾಗಿ, ಘಟನೆಯ ವರದಿ, ಸ್ಥಳದ ನಕ್ಷೆ, ಆಸ್ಪತ್ರೆಯ ಚೀಟಿ, ದಿನಕ್ಕೆ ಮೂರು ಹೊತ್ತಿನ ಜ್ವರದ ಪಟ್ಟಿ, ಆಹಾರದ ತಿದ್ದುಪಡಿ ಎಲ್ಲಕ್ಕೂ ಅನುಬಂಧದ ಸಂಖ್ಯೆಯ ಚೀಟಿ ಅಂಟಿಸಿದ್ದಾಯಿತು. ಕೊನೆಯಲ್ಲಿ, 'ತಪ್ಪು ಸಂಪೂರ್ಣವಾಗಿ ನನ್ನದು' ಎಂದು ಬರೆದು ಸಹಿ ಮಾಡಿದರು. ಮೂರು ದಿನ ರಜೆ ಹಾಕಿ ನಾಯಿಯ ಪಕ್ಕದಲ್ಲೇ ಕುಳಿತರು.

ಸಾಹೇಬರು ಸ್ಟೇಷನ್ನಿನಿಂದ ನೇರವಾಗಿ ಬಂದರು. ಕೈಸರನ ಕಾಲು ನೋಡಿ ಮುಖ ಕಪ್ಪಿಟ್ಟಿತು. ರಾಯರು ಫೈಲು ಮುಂದಿಟ್ಟರು. ಸಾಹೇಬರು ಕುರ್ಚಿಯಲ್ಲಿ ಕುಳಿತು ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಓದಿದರು. ಒಳಬಾಗಿಲಲ್ಲಿ ಅನಸೂಯಾಬಾಯಿ ರಾಯರ ಸ್ತೋತ್ರವನ್ನು ಮೂರನೆಯ ಸಲ ಶುರುಮಾಡಿದ್ದರು. (ಮಂತ್ರಾಲಯದ ರಾಯರದ್ದು, ಈ ರಾಯರದ್ದಲ್ಲ.)

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ಮಿಸ್ಟರ್ ರಾವ್, ಇಪ್ಪತ್ತೆಂಟು ವರ್ಷದ ಸರ್ವಿಸಿನಲ್ಲಿ ನಾನು ಇಂಥ ಫೈಲು ನೋಡಿಲ್ಲ. ತಪ್ಪು ಒಪ್ಪಿಕೊಂಡವನನ್ನಂತೂ ನೋಡಿಯೇ ಇಲ್ಲ" ಎಂದು ಕೈ ಹಿಡಿದು ಕುಲುಕಿದರು. "ನಿಮ್ಮ ಅರ್ಜಿ ನನ್ನ ಮೇಜಿನ ಮೇಲಿದೆಯಲ್ಲವೇ? ನಾಳೆಯೇ ಬರೆಯುತ್ತೇನೆ. ನಿಮಗೆ ಸಲ್ಲಬೇಕಾದದ್ದನ್ನು ಬರೆಯುತ್ತೇನೆ."

ಆ ಸಂಜೆ ಅನಸೂಯಾಬಾಯಿ ಅಟ್ಟದಿಂದ ಟ್ರಂಕು ಇಳಿಸಿದರು.

ವಾರದ ನಂತರ ಎರಡೂ ಅರ್ಜಿಗಳು ಕೆಳಗೆ ಬಂದವು. ರತ್ನಾಕರನ ಅರ್ಜಿಯ ಮೇಲೆ ಒಂದೇ ಸಾಲು: 'ಇವರನ್ನು ಬಿಟ್ಟುಕೊಡಲು ಈ ಕಚೇರಿಗೆ ಯಾವ ಅಡ್ಡಿಯೂ ಇಲ್ಲ.' ರಾಯರ ಅರ್ಜಿಯ ಮೇಲೆ ಸಾಹೇಬರು ಅಂಚು ತುಂಬಿ, ಹಿಂಬದಿಗೂ ಹರಿದು ಬರೆದಿದ್ದರು. ರಾಯರು ಅದರ ನಕಲನ್ನು ಮನೆಗೆ ತಂದು, ಬಟ್ಟೆ ಮಡಚುತ್ತಿದ್ದ ಹೆಂಡತಿಗೆ ಕನ್ನಡದಲ್ಲಿ ಓದಿ ಹೇಳಿದರು.

"'ಶ್ರೀ ಗಲಗಲಿಯವರು ಅಪರೂಪದ ನಿಷ್ಠಾವಂತರು. ಒಪ್ಪಿಸಿದ ಹೊಣೆಯನ್ನು ಜೀವದಂತೆ ಕಾಯುತ್ತಾರೆ. ವಿಪತ್ತಿನಲ್ಲಿ ಧೃತಿಗೆಡುವುದಿಲ್ಲ. ಇಂಥವರು ಲಕ್ಷಕ್ಕೊಬ್ಬರು.'"

"ಎಷ್ಟ್ ಛಂದ ಬರದಾರ್ರೀ!" ಎಂದರು ಅನಸೂಯಾಬಾಯಿ. "ಮತ್ಯಾಕ ಹಿಂಗ ಕೂತೀರಿ?"

"ಇನ್ನೂ ಒಂದು ಸಾಲು ಅದ. 'ಆದ್ದರಿಂದ ಇವರನ್ನು ಯಾವ ಕಾರಣಕ್ಕೂ ಈ ಕಚೇರಿಯಿಂದ ಬಿಡಬಾರದೆಂದು ಬಲವಾಗಿ ಶಿಫಾರಸು ಮಾಡುತ್ತೇನೆ.'"

ಅನಸೂಯಾಬಾಯಿಯ ಕೈಯಲ್ಲಿದ್ದ ಸೀರೆ ಹಾಗೆಯೇ ನಿಂತಿತು. ಆಮೇಲೆ ನಿಧಾನವಾಗಿ ಅದನ್ನು ಟ್ರಂಕಿನ ಬದಲು ಗೂಟಕ್ಕೆ ಹಾಕಿದರು.

"ಅಪ್ಪೋ ನಮ್ಮಳ್ ಪೋಗುನ್ನಿಲ್ಲೇ?" ಎಂದು ಕೇಳಿದಳು ಪ್ರೇಮ. ಹಾಗಾದರೆ ನಾವು ಹೋಗುವುದಿಲ್ಲವೇ ಎಂಬ ಆ ಪ್ರಶ್ನೆಯಲ್ಲಿ ದುಃಖವೇನೂ ಇರಲಿಲ್ಲ.

"ಆ ನಾಯೀನ ಅವತ್ತ ಹಿತ್ತಲದಾಗs ಬಿಟ್ಟಿದ್ರ ಛೊಲೋ ಇತ್ತು ನೋಡು" ಎಂದರು ರಾಯರು ಸೋತ ದನಿಯಲ್ಲಿ.

"ಬಿಡ್ತಿದ್ರೇನು ನೀವು?"

ಬಿಡುತ್ತಿರಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು, ಅದೇ ಅವರ ಸಂಕಟ.

ಮಂಗಳೂರಿನ ವರ್ಗದ ಆದೇಶ ಬಂದ ಸೋಮವಾರ ರತ್ನಾಕರ ಹತ್ತಕ್ಕೇ ಕಚೇರಿಗೆ ಬಂದು ಎಲ್ಲರಿಗೂ ಸಿಹಿ ಹಂಚಿದ. ಅವನ ಬೀಳ್ಕೊಡುಗೆಗೆ ಓದಲು ಒಂದು ಅಭಿನಂದನಾ ಪತ್ರ ಬೇಕಾಯಿತು. ಸಾಹೇಬರು ಆ ಕೆಲಸವನ್ನು ರಾಯರಿಗೇ ಒಪ್ಪಿಸಿದರು. ಒಲ್ಲೆನೆಂದು ರಾಯರಿಗೆ ಈಗಲೂ ಹೇಳಲು ಬರಲಿಲ್ಲ. ಮಧ್ಯಾಹ್ನವಿಡೀ ಕುಳಿತು, 'ರತ್ನಾಕರರ ನಿರ್ಗಮನದಿಂದ ಈ ಕಚೇರಿಗೆ ತುಂಬಲಾರದ ನಷ್ಟವಾಗಿದೆ' ಎಂದು ಶುರುಮಾಡಿ, ಮೂರು ಪುಟ ಬರೆದು, ಅಕ್ಷರ ತಿದ್ದಿ, ಚೊಕ್ಕ ಪ್ರತಿ ಮಾಡಿ ಒಳಗೆ ಒಯ್ದರು.

ಸಾಹೇಬರು ಓದಿದರು. ಒಂದು ಶಬ್ದವನ್ನೂ ಬದಲಿಸಲಿಲ್ಲ.

"ನೋಡಿದಿರಾ ಮಿಸ್ಟರ್ ರಾವ್?" ಎಂದರು ಅಕ್ಕರೆಯಿಂದ. "ಇದಕ್ಕೇ ನಿಮ್ಮನ್ನು ಬಿಡಲು ನನಗೆ ಮನಸ್ಸಾಗುವುದಿಲ್ಲ."

ರಾಯರು ಥ್ಯಾಂಕ್ಸ್ ಹೇಳಿ, ಕಾಗದಗಳನ್ನು ತೆಗೆದುಕೊಂಡು ಹೊರಗೆ ಬಂದರು.